ಕವಚವೂ ಕಸೆಯೂ: ಬಯಲಾಟದ ಕಾಳಗದಲ್ಲಿ ಮೈರಕ್ಷೆಯ ವಿಚಾರ

ಕುಂದಾಪುರದ ಸೀಮೆಯಲ್ಲಿ ವಾರಾಹಿ ನದಿಯ ಮಗ್ಗುಲಲ್ಲಿರುವ ಹಟ್ಟಿಯಂಗಡಿಯು ಆಳುಪರ ಕಾಲದಿಂದಲೂ ಪ್ರಸಿದ್ಧವಾದ ಸ್ಥಳ. ಅಲ್ಲಿಯ ಸಿದ್ಧಿವಿನಾಯಕನ ಹೆಸರಿನಲ್ಲಿ ಯಕ್ಷಗಾನದ ಮೇಳವೂ ಉಂಟು. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಕೋಟದ ಅಮೃತೇಶ್ವರಿ ಮುಂತಾದ ಕ್ಷೇತ್ರಗಳ ಮೇಳಗಳೂ ಈ ಸುತ್ತಿನಲ್ಲಿಯೇ ತಿರುಗಾಡುವುವು. ಈ ಪ್ರದೇಶದಲ್ಲಿ ಯಕ್ಷಗಾನವನ್ನು ಜನರು ಕರೆಯುವುದು 'ಆಟ' ಎಂದು. ಪಾತ್ರವನ್ನು ವಹಿಸುವವನು 'ವೇಷಧಾರಿ'. ಆಡಲ್ಪಡುವ ಕಥೆ 'ಪ್ರಸಂಗ'. ಆ ಕಥೆಯು ಬಹುಮಟ್ಟಿಗೆ ಹೋಗಿ ಮುಟ್ಟುವುದು 'ಕಾಳಗ'ಕ್ಕೆ. ಆದುದರಿಂದ ವೇಷವು ಕಾಳಗಕ್ಕೆ ತಕ್ಕುದಾಗಿರಬೇಕೆಂಬುದು ಸಹಜವಾದ ನಿರೀಕ್ಷೆ. ಆದರೆ ಈ ಕಲೆಯ ಪರಿಚಯವಿಲ್ಲದ ವಿದ್ಯಾವಂತರು ಇಲ್ಲಿಯೇ ಒಂದು ಆಕ್ಷೇಪವನ್ನು ಎತ್ತುವುದುಂಟು. ಎದೆಯ ಮೇಲಿನ ಕವಚವು ಹಗುರ ಮರದ್ದು. ಅದರ ಕೆಳಗೆ ಮೊಳಗಟ್ಟಲೆ ಸೀರೆ. ಹೆಗಲಿನಿಂದ ಇಳಿಬಿದ್ದ ವಸ್ತ್ರ. ಇಂತಹ ಉಡುಪಿನಲ್ಲಿ ಯಾವ ಯೋಧನು ತಾನೆ ಕಾದಿಯಾನು, ಎಂದು. ಈ ಆಕ್ಷೇಪವು ಅರ್ಧ ಮಾತ್ರ ನಿಜ. ಮರದ ಕವಚವು ಬಾಣವನ್ನು ತಡೆಯದು, ದಿಟ. ಆದರೆ ಸಡಿಲವಾದ ಬಟ್ಟೆಯು ಕಾಳಗಕ್ಕೆ ಅಡ್ಡಿ ಎಂಬುದು ದುಡುಕಿನ ನಿರ್ಣಯ.

ಮೈಯನ್ನು ಕಾಯುವ ಬಗೆಗಳು ಮೂಲತಃ ಎರಡೇ: ಪೆಟ್ಟನ್ನು ತಾಳುವುದು, ಪೆಟ್ಟನ್ನು ತಪ್ಪಿಸುವುದು. ಕವಚವು ಮೊದಲನೆಯದಕ್ಕೆ ಸೇರಿದ್ದು, ಹಗುರವಾದ ಉಡುಪು ಎರಡನೆಯದಕ್ಕೆ. ಇವೆರಡನ್ನು ಕೂಡಿಸುವಲ್ಲಿ ತೊಡಕುಂಟು. ಪಾತ್ರಗಳನ್ನು ವಹಿಸಿ ಆಡುವ ಪಾಶ್ಚಾತ್ಯರ ಹೊಸ ಆಟಗಳಲ್ಲಿಯೂ ಈ ತೊಡಕು ಕಾಣಿಸಿಕೊಂಡಿದೆ. 1974ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟದಲ್ಲಿ ಕವಚವಿಲ್ಲದವನಿಗೆ 9 ಎಂಬ ಅಂಕವೂ, ಲೋಹದ ಹಲಗೆಗಳ ಕವಚವನ್ನು ತೊಟ್ಟು ಗುರಾಣಿ ಹಿಡಿದವನಿಗೆ 2 ಎಂಬ ಅಂಕವೂ ವಿಧಿಸಲ್ಪಟ್ಟಿತು; ಅಂಕವು ಕಡಮೆಯಾದಷ್ಟೂ ಶತ್ರುವಿನ ಏಟು ತಗಲುವುದು ಕಷ್ಟ. ಎಂದರೆ ತಾಳುವುದನ್ನೂ ತಪ್ಪಿಸುವುದನ್ನೂ ಒಂದೇ ಅಂಕದಲ್ಲಿ ಅಡಗಿಸಿದಂತಾಯಿತು. 1978ರ 'ರೂನ್‌ಕ್ವೆಸ್ಟ್' ಎಂಬ ಇನ್ನೊಂದು ಆಟವು ಇವನ್ನು ಬೇರ್ಪಡಿಸಿ, ತಗಲಿದ ಏಟಿನ ಬಲದಲ್ಲಿ ಇಷ್ಟು ಭಾಗವನ್ನು ಕವಚವು ಹೀರಿಕೊಳ್ಳುವುದೆಂದು ಗೊತ್ತುಮಾಡಿತು. ಅಂಕಗಳ ಗೊಡವೆಯೇ ಇಲ್ಲದ ನಮ್ಮ ಬಯಲಾಟವು ಈ ಪ್ರಶ್ನೆಗೆ ಕೊಟ್ಟಿರುವ ಉತ್ತರವು ಬೇರೊಂದು ಬಗೆಯದು. ಅದನ್ನು ತಿಳಿಯಬೇಕಾದರೆ ಮೊದಲು ನಿಜವಾದ ಯುದ್ಧದ ಉಡುಪನ್ನು ನೋಡಬೇಕು.

ಕೌಟಿಲ್ಯನ ಅರ್ಥಶಾಸ್ತ್ರವು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ದೊರೆತು, 1909ರಲ್ಲಿ ಅಚ್ಚಾಯಿತೆಂಬುದು ಪ್ರಸಿದ್ಧವಾದ ಸಂಗತಿ. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಆಯುಧಾಗಾರದ ಅಧ್ಯಕ್ಷನ ಕರ್ತವ್ಯಗಳನ್ನು ಹೇಳುವಾಗ ಕವಚಗಳ ಪಟ್ಟಿಯೂ ಬಂದಿದೆ. ಕಬ್ಬಿಣದ ಬಲೆಯಂತಹದು, ಕಬ್ಬಿಣದ ಹಲಗೆಯದು, ಖಡ್ಗಮೃಗವೇ ಮೊದಲಾದ ಪ್ರಾಣಿಗಳ ತೊಗಲು ಕೊಂಬುಗಳಿಂದ ಮಾಡಿದುದು, ಇವುಗಳ ಜತೆಯಲ್ಲಿಯೇ 'ಸೂತ್ರಕಂಕಟ'ವೆಂಬ ನೂಲಿನ ಕವಚವೂ ಎಣಿಕೆಗೆ ಸೇರಿದೆ. ತಲೆಗೆ ಶಿರಸ್ತ್ರಾಣ, ಕೊರಳಿಗೆ ಕಂಠತ್ರಾಣ, ಮೈಗೆ ಕೂರ್ಪಾಸ, ಮೊಳಕಾಲಿನವರೆಗೆ ಕಂಚುಕ, ಹಿಮ್ಮಡಿಯವರೆಗೆ ವಾರವಾಣ ಎಂದು ಅಂಗಾಂಗಗಳಿಗೆ ಬೇರೆ ಬೇರೆ ಹೆಸರುಗಳಿವೆ. ಇಲ್ಲಿ ಲಕ್ಷಿಸತಕ್ಕದ್ದೇನೆಂದರೆ, ನೂಲನ್ನೂ ಕಬ್ಬಿಣವನ್ನೂ ಶಾಸ್ತ್ರಕಾರನು ಒಂದೇ ಸಾಲಿನಲ್ಲಿ ನಿಲ್ಲಿಸಿದ್ದಾನೆ. ಬಟ್ಟೆಯ ಕವಚವು ಬಡವನ ಕವಚವೆಂಬ ಭಾವನೆ ಅಲ್ಲಿ ಇಲ್ಲ. ಪದರಪದರವಾಗಿ ಒತ್ತಿ ಹೊಲಿದ ಹತ್ತಿಯು ಬಾಣದ ಮೊನೆಯನ್ನು ಎಳೆ ಎಳೆಯಾಗಿ ತಡೆದು ಅದರ ವೇಗವನ್ನು ಕಳೆಯುವುದು; ಬೆವರನ್ನು ಕುಡಿಯುವುದು; ಹರಿದರೆ ಹೊಲಿಯಬಹುದು.

ಕನ್ನಡ ಭಾಷೆಯೂ ಈ ವಿಷಯದಲ್ಲಿ ಒಳ್ಳೆಯ ಸಾಕ್ಷಿ. ಕವಚ, ವರ್ಮ, ತನುತ್ರ ಎಂಬ ಸಂಸ್ಕೃತ ಪದಗಳಲ್ಲದೆ 'ಜೋಡು' ಎಂಬ ಪದವು ಕವಚವೆಂಬ ಅರ್ಥದಲ್ಲಿ ನಮ್ಮ ಕಾವ್ಯಗಳಲ್ಲಿ ಬಳಕೆಯಾಗಿದೆ, ಕುದುರೆಯ ಕವಚಕ್ಕೆ 'ಹಕ್ಕರಿಕೆ' ಎಂದು ಹೆಸರು, ಗುರಾಣಿಗೆ 'ಹರಿಗೆ'. ಆದರೆ ಯುದ್ಧಕ್ಕೆ ಅಣಿಯಾಗುವುದನ್ನು ಹೇಳುವ ಮಾತುಗಳನ್ನು ನೋಡಿದರೆ ಅವು ತೊಡುವುದರಿಂದಲ್ಲ, ಕಟ್ಟುವುದರಿಂದ ಹುಟ್ಟಿದವು. ಸನ್ನಾಹ, ಸನ್ನದ್ಧ ಎಂಬ ಪದಗಳ ಧಾತುವಿಗೆ ಕಟ್ಟು, ಬಿಗಿ ಎಂಬುದೇ ಅರ್ಥ. ಕನ್ನಡದಲ್ಲಿ ಟೊಂಕ ಕಟ್ಟುವುದು, ನಡು ಕಟ್ಟುವುದು, ಕಚ್ಚೆ ಹಾಕುವುದು ಎಂದರೆ ಕಾರ್ಯಕ್ಕೆ ಸಿದ್ಧನಾಗುವುದು. ವೀರಗಚ್ಚೆ ಎಂಬ ಮಾತಂತೂ ಬಟ್ಟೆ ಉಡುವ ಒಂದು ಕ್ರಮಕ್ಕೆ ವೀರತ್ವವನ್ನೇ ಅಂಟಿಸಿಬಿಟ್ಟಿದೆ. ಸಡಿಲವಾದುದನ್ನು ಬಿಗಿಯುವುದರಲ್ಲಿಯೇ ಯೋಧನಾಗುವ ಕ್ಷಣವಿದೆ ಎಂಬುದು ಈ ಭಾಷೆಯನ್ನಾಡಿದವರ ತಿಳಿವಳಿಕೆ.

ನಾಡಿನ ವೀರಗಲ್ಲುಗಳನ್ನು ನೋಡಿದರೂ ಇದೇ ಕಾಣುವುದು. ಬಹುಪಾಲು ಕಲ್ಲುಗಳಲ್ಲಿ ವೀರನ ಎದೆ ಬರಿದು. ಸೊಂಟದಲ್ಲಿ ಬಿಗಿದ ಕಚ್ಚೆ, ಅದರ ಸೆರಗಿನ ತುದಿಗಳು ಗಾಳಿಗೆ ಚಿಮ್ಮಿವೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಸಣ್ಣ ಹರಿಗೆ. ಶಿಲ್ಪಿಯು ವೀರನನ್ನು ಆದರ್ಶ ರೂಪದಲ್ಲಿ ತೋರಿಸಿದ್ದಾನೆ, ಕವಚವಿದ್ದರೂ ಬಿಟ್ಟಿರಬಹುದು ಎಂಬ ವಾದಕ್ಕೆ ಅವಕಾಶವುಂಟು. ಆದರೆ ಆ ಆದರ್ಶದಲ್ಲಿ ಕವಚಕ್ಕೆ ಸ್ಥಾನವಿಲ್ಲವೆಂಬುದೇ ಇಲ್ಲಿ ಮುಖ್ಯ. ಆಳುಪರ ಉಲ್ಲೇಖವಿರುವ, ಸುಮಾರು 450ರದೆಂದು ಎಣಿಸಲ್ಪಡುವ ಹಲ್ಮಿಡಿಯ ಶಾಸನದಲ್ಲಿ ಕಾದಿದ ವೀರನಿಗೆ ಕೊಟ್ಟ ಭೂಮಿಯ ಹೆಸರು 'ಬಾಳ್ಗಳ್ಚು', ಕತ್ತಿಯನ್ನು ತೊಳೆದ ಕೊಡುಗೆ. ಮೆಚ್ಚಿಕೆಯ ಹೆಸರು ಆಯುಧದಿಂದ ಬಂತು, ಕವಚದಿಂದಲ್ಲ. ಕರಾವಳಿಯ ಪ್ರಕೃತಿಯೂ ಕಬ್ಬಿಣದ ಕವಚಕ್ಕೆ ಅನುಕೂಲವಾದುದಲ್ಲ. ಇಲ್ಲಿಯ ಸೆಖೆಯಲ್ಲಿ ಬೆವರು ಆರದು. ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯುವುದು. ಕಾದಾಟವಾದರೂ ನಡೆಯಬೇಕಾದುದು ಗದ್ದೆಯ ಅಂಚಿನಲ್ಲಿ, ಹೊಳೆಯ ಕಡವಿನಲ್ಲಿ, ಕಾಲು ಹೂಳುವ ಕೆಸರಿನಲ್ಲಿ. ಯೂರೋಪಿನ ಪೂರ್ಣ ಲೋಹಕವಚವು ಸುಮಾರು 20 ಕಿಲೋಗ್ರಾಂ ತೂಗುತ್ತಿತ್ತು. ಅದನ್ನು ಹೊತ್ತು ವಾರಾಹಿಯನ್ನು ದಾಟಲು ಹೊರಟವನನ್ನು ಶತ್ರುವು ಕೊಲ್ಲಬೇಕಾದ ಅಗತ್ಯವೇ ಇಲ್ಲ.

ಘಟ್ಟದ ಮೇಲಿನ ಅರಸರ ಸೈನ್ಯದಲ್ಲಿ ಕವಚಗಳು ಇರಲಿಲ್ಲವೆಂದಲ್ಲ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು ಮಹಾನವಮಿಯ ಸಂದರ್ಭದ ಸೈನ್ಯಪ್ರದರ್ಶನವನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ರಾವುತರು ತೊಟ್ಟ ಒತ್ತುಹೊಲಿಗೆಯ ಅಂಗಿಗಳು, ಅವುಗಳಲ್ಲಿ ಪದರಪದರವಾದ ಗಟ್ಟಿ ತೊಗಲು, ಬಲಕ್ಕಾಗಿ ಸೇರಿಸಿದ ಕಬ್ಬಿಣದ ಬಿಲ್ಲೆಗಳು, ಕೆಲವಕ್ಕೆ ಚಿನ್ನದ ನೀರು, ಕನ್ನಡಿಯಂತೆ ಹೊಳೆಯುವ ಉಕ್ಕಿನ ಕೊರಳಕಾಪು, ಇವೆಲ್ಲವೂ ಅವನ ಕಣ್ಣನ್ನು ಕುಕ್ಕಿದವು. ಬಾರಕೂರು ಆ ಸಾಮ್ರಾಜ್ಯದ ಒಂದು ರಾಜ್ಯಕ್ಕೆ ರಾಜಧಾನಿಯಾಗಿದ್ದುದರಿಂದ ಇಂತಹ ವೇಷವನ್ನು ಈ ಕಡೆಯ ಜನರು ಕಂಡೇ ಇಲ್ಲವೆಂದು ಹೇಳುವಂತಿಲ್ಲ. ಪರ್ಷಿಯದಿಂದ ಬಂದು ಉತ್ತರ ಹಿಂದುಸ್ಥಾನದಲ್ಲಿಯೂ ದಖನ್ನಿನಲ್ಲಿಯೂ ಬಳಕೆಯಾದ ನಾಲ್ಕು ಹಲಗೆಗಳ ಎದೆಕವಚಕ್ಕೆ 'ಚಹಾರ್ ಆಯಿನ', ಎಂದರೆ ನಾಲ್ಕು ಕನ್ನಡಿಗಳು, ಎಂದೇ ಹೆಸರು. ಬಡಗುತಿಟ್ಟಿನ ವೇಷದ ಎದೆಯ ಮೇಲೆ ಕನ್ನಡಿಯ ಚೂರುಗಳು ಮಿನುಗುವುದನ್ನು ನೋಡಿದವರಿಗೆ ಈ ಹೆಸರು ನೆನಪಾಗದಿರದು. ಒಂದರಿಂದ ಇನ್ನೊಂದು ಹುಟ್ಟಿತೆಂದು ಇಷ್ಟರಿಂದಲೇ ಸಾಧಿಸುವುದು ಸಾಹಸವಾದೀತು. ಕವಚಕ್ಕೆ ಹೊಳಪು ಬೇಕು, ನೋಡುವವನ ದೃಷ್ಟಿಯನ್ನು ಅದು ತಡೆಯಬೇಕು ಎಂಬ ಭಾವನೆಯು ಎರಡು ಕಡೆಗಳಲ್ಲಿಯೂ ಸಮಾನವೆಂದರೆ ಸಾಕು.

ಈಗ ಆಟದ ಚೌಕಿಗೆ ಬರಬಹುದು. ಬಡಗುತಿಟ್ಟಿನ ರಾಜವೇಷಕ್ಕೆ ಕಾಲಿಗೆ ಗೆಜ್ಜೆ, ಮೈಗೆ ದಗಲೆ, ಸೊಂಟದಿಂದ ಕೆಳಗೆ ಕಚ್ಚೆಯಾಗಿ ಉಟ್ಟ ಚೌಕುಳಿಯ ಕಸೆಸೀರೆ. ಇವುಗಳ ಮೇಲೆ ಎದೆಕಟ್ಟು, ಭುಜಕೀರ್ತಿ, ತೋಳುಕಟ್ಟು, ಕೈಕಟ್ಟು, ಡಾಬು, ವೀರಗಾಸೆ, ಕೊನೆಯಲ್ಲಿ ಕಿರೀಟ. ಆಭರಣಗಳೆಲ್ಲ ಹಗುರವಾದ ಮರದಲ್ಲಿ ಕೆತ್ತಿ ಬೇಗಡೆಯನ್ನು ಹೊದಿಸಿ ಕನ್ನಡಿಯ ಚೂರುಗಳನ್ನು ಕೂರಿಸಿದವು. ಶಿವರಾಮ ಕಾರಂತರು 1957ರಲ್ಲಿ ಪ್ರಕಟಿಸಿದ, 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ 'ಯಕ್ಷಗಾನ ಬಯಲಾಟ'ವೆಂಬ ಗ್ರಂಥವನ್ನು ಓದಿದವರಿಗೆ ಈ ವೇಷಗಳ ವಿಚಾರವು ಹೊಸದಲ್ಲ. ಇಲ್ಲಿ ಗಮನಿಸಬೇಕಾದುದು ಹೆಸರುಗಳನ್ನು. ಎದೆಕಟ್ಟು, ತೋಳುಕಟ್ಟು, ಕೈಕಟ್ಟು, ಕಸೆ: ಇವೆಲ್ಲವೂ ಕಟ್ಟುವುದಕ್ಕೆ ಸಂಬಂಧಿಸಿದ ಪದಗಳು. ಕಸೆ ಎಂದರೆ ಬಟ್ಟೆಯನ್ನು ಬಿಗಿಯುವ ದಾರ ಅಥವಾ ಪಟ್ಟಿ. ವೇಷವನ್ನು ತೊಡುವುದಿಲ್ಲ, ಕಟ್ಟುತ್ತಾರೆ. ಸನ್ನಾಹವೆಂಬ ಪದದ ಹಳೆಯ ಅರ್ಥವು ಪುಸ್ತಕದ ಹೊರಗೆ ಬದುಕಿ ಉಳಿದಿರುವುದು ಚೌಕಿಯಲ್ಲಿಯೇ ಇರಬೇಕು.

ಹೀಗೆ ಕಟ್ಟಿದ ವೇಷದಲ್ಲಿ ಗಟ್ಟಿಯಾದ ಭಾಗವು ಯಾವುದನ್ನು ಕಾಯುವುದು? ಮೈಯನ್ನಲ್ಲ, ಪಾತ್ರದ ಪದವಿಯನ್ನು. ಭುಜಕೀರ್ತಿಯು ಹೆಗಲನ್ನು ಅಗಲಿಸುವುದು. ಸೊಂಟದ ಕಟ್ಟುಗಳು ಮೈಯನ್ನು ತೋರವಾಗಿಸುವುವು. ಕಿರೀಟವು ಎತ್ತರವನ್ನು ಕೊಡುವುದು. ದೀವಟಿಗೆಯ ಬೆಳಕಿನಲ್ಲಿ ಮನುಷ್ಯಪ್ರಮಾಣಕ್ಕೆ ಮೀರಿದ ಆಕೃತಿಯೊಂದು ಎದ್ದು ನಿಲ್ಲುವುದು. ಇದೂ ಒಂದು ರಕ್ಷಣೆಯೇ. ಎದುರಾಳಿಯು ಆ ಆಕೃತಿಯ ಸುತ್ತ ಸುಳಿಯಬೇಕು, ಹತ್ತಿರ ಬರಲು ಹಿಂಜರಿಯಬೇಕು. ಬಣ್ಣದ ವೇಷದ ರಾಕ್ಷಸನು ರಂಗಸ್ಥಳದಲ್ಲಿ ಹೆಚ್ಚು ಸುತ್ತದೆ ನಿಂತಲ್ಲಿಯೇ ನಿಂತು ಅಬ್ಬರಿಸುವುದಕ್ಕೆ ಭಾರವೊಂದೇ ಕಾರಣವಲ್ಲ. ಆ ಭಾರವೇ ಅವನ ಕೋಟೆ.

ನಿಜವಾಗಿ ಪೆಟ್ಟನ್ನು ತಪ್ಪಿಸುವ ಕೆಲಸವು ಬಟ್ಟೆಗೆ ಸೇರಿದ್ದು. ಆಟದ ಯುದ್ಧದಲ್ಲಿ ಆಯುಧವು ಮೈಗೆ ತಗಲುವುದು ಅಪೂರ್ವ. ಇಬ್ಬರು ವೇಷಧಾರಿಗಳು ಚಂಡೆಯ ನಡೆಗೆ ಸರಿಯಾಗಿ ಎದುರಾಗುವರು, ಸ್ಥಳವನ್ನು ಬದಲಾಯಿಸಿಕೊಳ್ಳುವರು, ಬೆನ್ನು ತಿರುಗಿಸದೆ ಸುತ್ತುವರು. ಮೊಳಕಾಲನ್ನೂರಿ ಚಕ್ರದಂತೆ ತಿರುಗುವ 'ಮಂಡಿ' ಬಡಗುತಿಟ್ಟಿನ ಪ್ರಸಿದ್ಧವಾದ ಕುಣಿತ. ಆ ಸುತ್ತಿನಲ್ಲಿ ಕಸೆಸೀರೆಯ ನೆರಿಗೆಗಳು ಅರಳುವುವು, ಹೆಗಲಿನ ವಸ್ತ್ರವು ಗಾಳಿಯಲ್ಲಿ ತೇಲುವುದು. ಅರಳಿದ ಬಟ್ಟೆಯ ನಡುವೆ ಕಾಲೆಲ್ಲಿದೆ, ನಡುವೆಲ್ಲಿದೆ ಎಂಬುದು ನೋಡುವವನಿಗೆ ಕ್ಷಣಕಾಲ ಮರೆಯಾಗುವುದು. ಬಾಣವು ಬಂದು ಹೋದುದನ್ನು ಪ್ರೇಕ್ಷಕನು ತಿಳಿಯುವುದು ಆ ನೆರಿಗೆಯ ತಿರುವಿನಿಂದಲೇ.

ಇದು ರಂಗದ ಕಲ್ಪನೆ ಮಾತ್ರವೆಂದು ತಳ್ಳಿಹಾಕುವಂತಿಲ್ಲ. ಜಪಾನಿನ ರಾವುತರು 'ಹೋರೊ' ಎಂಬ ಸಡಿಲವಾದ ಬಟ್ಟೆಯನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದರು. ಕುದುರೆಯು ಓಡುವಾಗ ಅದು ಗಾಳಿಯಿಂದ ಉಬ್ಬಿ ಹಿಂದಿನಿಂದ ಬರುವ ಬಾಣದ ಬಲವನ್ನು ಕುಗ್ಗಿಸುತ್ತಿತ್ತು. ಬಿಗಿದ ಬಟ್ಟೆಯನ್ನು ಬಾಣವು ಸುಲಭವಾಗಿ ಹರಿಯುವುದು. ಜೋಲುವ ಬಟ್ಟೆಯು ಬಾಣದೊಡನೆ ತಾನೂ ಹಿಂದೆ ಸರಿದು ಅದರ ವೇಗವನ್ನು ತಿನ್ನುವುದು. ಇಟಲಿಯ ಕತ್ತಿವರಸೆಯ ಆಚಾರ್ಯ ಅಕಿಲ್ಲೆ ಮರೊಟ್ಸೊ 1536ರ ತನ್ನ ಗ್ರಂಥದಲ್ಲಿ ಎಡಗೈಗೆ ಮೇಲುಹೊದಿಕೆಯನ್ನು ಸುತ್ತಿ ಕಾದುವ ಕ್ರಮವನ್ನು ಬೋಧಿಸಿದ್ದಾನೆ. ಹಾಗೆಂದು ಸಡಿಲವಾದುದೆಲ್ಲವೂ ರಕ್ಷೆಯಲ್ಲ. ಕಾಲಿಗೆ ತೊಡರುವ ಸೆರಗು ಶತ್ರುವಿನ ಮಿತ್ರ. ಅದಕ್ಕಾಗಿಯೇ ಕಚ್ಚೆ. ತೊಡೆಯ ಸುತ್ತ ಸಡಿಲ, ಸೊಂಟದಲ್ಲಿ ಬಿಗಿ, ಪಾದದ ಬಳಿ ಬಿಡುವು: ಈ ಮೂರನ್ನೂ ಹೊಲಿಗೆಯಿಲ್ಲದ ಒಂದೇ ಬಟ್ಟೆಯಿಂದ ಸಾಧಿಸುವ ಉಪಾಯವು ಕಸೆಯಲ್ಲಿದೆ. ಕಾದುವ ಸ್ತ್ರೀಪಾತ್ರಗಳಿಗೂ ಈ ನಿಯಮವು ತಪ್ಪಿದ್ದಲ್ಲ. ಸ್ತ್ರೀರಾಜ್ಯದ ಪ್ರಮೀಳೆಯಂತಹವಳು ರಂಗಕ್ಕೆ ಬರುವುದು ಕಸೆಯನ್ನು ಕಟ್ಟಿಯೇ; ಸೀರೆಯನ್ನು ಉಟ್ಟ ಕ್ರಮವನ್ನು ನೋಡಿದೊಡನೆ ಇವಳು ಬಿಲ್ಲು ಹಿಡಿಯುವವಳೆಂದು ಪ್ರೇಕ್ಷಕನಿಗೆ ಗೊತ್ತಾಗುವುದು.

ಈ ವ್ಯವಸ್ಥೆಯ ಬೆಲೆಯು ಹೊರಬೀಳುವುದು ಅಭಿಮನ್ಯುವಿನ ಕಾಳಗದಲ್ಲಿ. ವ್ಯಾಸಭಾರತದ ದ್ರೋಣಪರ್ವದಲ್ಲಿ ಕರ್ಣನು ಈ ಬಾಲಕನನ್ನು ಗೆಲ್ಲುವ ಉಪಾಯವನ್ನು ಕೇಳಿದಾಗ ದ್ರೋಣನು ಕೊಡುವ ಉತ್ತರವು ಯುದ್ಧಶಾಸ್ತ್ರದ ದೃಷ್ಟಿಯಿಂದ ಬಹಳ ಸೂಕ್ಷ್ಮವಾದುದು. ಇವನ ಕವಚವು ಅಭೇದ್ಯ. ಕವಚಧಾರಣೆಯ ವಿದ್ಯೆಯನ್ನು ಇವನ ತಂದೆಗೆ ಕಲಿಸಿದವನು ತಾನೇ. ಆದರೆ ಬಿಲ್ಲನ್ನು ಕತ್ತರಿಸಬಹುದು, ಕುದುರೆಗಳನ್ನೂ ಸಾರಥಿಯನ್ನೂ ಕೊಲ್ಲಬಹುದು, ಎಂಬುದು ಅದರ ತಾತ್ಪರ್ಯ. ಭೇದಿಸಲಾರದ ಕವಚವುಳ್ಳವನನ್ನು ಕೊಲ್ಲುವ ದಾರಿಯೆಂದರೆ ಕವಚದ ಸುತ್ತಲಿನ ಎಲ್ಲವನ್ನೂ ಕೀಳುವುದು. ಬಿಲ್ಲು, ರಥ, ಕತ್ತಿ, ಗುರಾಣಿ ಒಂದೊಂದಾಗಿ ಹೋದ ಮೇಲೆ ಬಾಲಕನು ರಥದ ಗಾಲಿಯನ್ನೆತ್ತಿಕೊಳ್ಳುವನು. ಬಡಗುತಿಟ್ಟಿನಲ್ಲಿ ಅಭಿಮನ್ಯುವಿಗೆ ಕಿರೀಟವಿಲ್ಲ; ಕೇದಗೆ ಮುಂದಲೆಯ ಹಗುರವಾದ ವೇಷ. ಅವನ ಸುತ್ತ ಭಾರವಾದ ವೇಷಗಳು ನಿಂತಿರುವುವು. ಕಥೆಯಲ್ಲಿ ಕವಚವಿದ್ದರೂ ರಂಗದಲ್ಲಿ ಅವನನ್ನು ಕಾಯುವುದು ಅವನ ಕುಣಿತ. ಆಯುಧಗಳು ಕಳೆದಂತೆಲ್ಲ ಕುಣಿತವು ಇನ್ನೂ ಚುರುಕಾಗುವುದು, ಚಂಡೆಯು ಏರುವುದು. ಕೊನೆಗೆ ಅವನು ಸಾಯುವುದು ಕವಚವು ಒಡೆದುದರಿಂದಲ್ಲ, ತಿರುಗಲು ಸ್ಥಳವಿಲ್ಲದುದರಿಂದ. ಆರೇಳು ಮಂದಿಯ ನಡುವೆ ಮಂಡಿಯ ಸುತ್ತು ಕಿರಿದಾಗುತ್ತ ಬರುವುದನ್ನು ನೋಡಿದ ಪ್ರೇಕ್ಷಕನಿಗೆ ಅಧರ್ಮವೆಂದರೇನೆಂಬುದನ್ನು ಅರ್ಥಧಾರಿಯು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಇದೇ ಪರ್ವದಲ್ಲಿ, ಸೈಂಧವನ ವಧೆಯ ದಿನ, ದ್ರೋಣನು ದುರ್ಯೋಧನನಿಗೆ ಮಂತ್ರಪೂರ್ವಕವಾಗಿ ಒಂದು ಕವಚವನ್ನು ಕಟ್ಟುವನು. ಅರ್ಜುನನ ಬಾಣಗಳು ಅದಕ್ಕೆ ತಗಲಿ ವ್ಯರ್ಥವಾಗುವುವು. ಆದರೆ ಕವಚವನ್ನು ಹೊತ್ತಿರುವನೇ ಹೊರತು ಅದರೊಡನೆ ಮಾಡಬೇಕಾದುದನ್ನು ಇವನು ತಿಳಿಯನೆಂದು ಅರ್ಜುನನು ಕಂಡುಕೊಂಡು, ಬಿಲ್ಲನ್ನೂ ಕುದುರೆಗಳನ್ನೂ ಕೆಡವಿ, ಮುಚ್ಚದೆ ಉಳಿದ ಅಂಗೈಗಳಿಗೆ ಹೊಡೆಯುವನು. ಮೈಯೆಲ್ಲ ವಜ್ರವಾಗಿದ್ದರೂ ಅಂಗೈ ಬರಿದಾಗಿತ್ತು. ಗದಾಯುದ್ಧದಲ್ಲಿ ಇನ್ನೂ ವಿಚಿತ್ರ. ಅಲ್ಲಿ ದುರ್ಯೋಧನನ ತೊಡೆಯನ್ನು ಕಾಯುತ್ತಿದ್ದುದು ಲೋಹವಲ್ಲ, ನಾಭಿಯ ಕೆಳಗೆ ಹೊಡೆಯಬಾರದೆಂಬ ಯುದ್ಧನಿಯಮ. ಆ ನಿಯಮವನ್ನು ಭೀಮನು ಮುರಿದುದರಿಂದಲೇ ಬಲರಾಮನು ಹಲವನ್ನು ಎತ್ತಿದುದು. ನಿಯಮವೂ ಒಂದು ಕವಚವೇ. ಎದುರಾಳಿಯು ಒಪ್ಪಿದಷ್ಟು ಕಾಲ ಮಾತ್ರ ಅದು ಅಭೇದ್ಯ. ಕರ್ಣನ ಸಹಜಕವಚವಂತೂ ಬಾಣದಿಂದ ಹೋದುದಲ್ಲ. ಬೇಡಿದವನಿಗೆ ಇಲ್ಲವೆನ್ನಲಾರದ ಗುಣದಿಂದ ಹೋಯಿತು. ಸಹಸ್ರಕವಚನೆಂಬ ಅಸುರನ ಸಾವಿರ ಕವಚಗಳಲ್ಲಿ ಒಂದನ್ನುಳಿದು ಮಿಕ್ಕವನ್ನೆಲ್ಲ ನರನಾರಾಯಣರು ಸರದಿಯಿಂದ ತಪಸ್ಸನ್ನೂ ಯುದ್ಧವನ್ನೂ ಮಾಡಿ ಒಂದೊಂದಾಗಿ ಒಡೆದ ಕಥೆಯನ್ನು ಕರ್ಣನ ಹುಟ್ಟಿಗೆ ಜೋಡಿಸಿದವರು ಈ ಲೆಕ್ಕವನ್ನು ಚೆನ್ನಾಗಿ ಬಲ್ಲವರು. ಒಟ್ಟಿನಲ್ಲಿ ನಮ್ಮ ಕಥೆಗಳಲ್ಲಿ ಕವಚವು ಬರುವುದು ಅದು ಎಲ್ಲಿ ಸೋಲುವುದೆಂಬುದನ್ನು ತೋರಿಸುವುದಕ್ಕಾಗಿ.

ಇತ್ತೀಚಿನ ವರ್ಷಗಳಲ್ಲಿ ವೇಷದ ದ್ರವ್ಯವೂ ಕ್ರಮವೂ ಬದಲಾಗುತ್ತಿವೆ. ಮರದ ಆಭರಣಕ್ಕೆ ಬದಲಾಗಿ ಹೊಸ ದ್ರವ್ಯಗಳು ಬಂದರೆ ಹಾನಿಯೇನೂ ದೊಡ್ಡದಲ್ಲ. ಗಟ್ಟಿಯಾದ ಭಾಗದ ಕೆಲಸವು ಹೊಳೆಯುವುದು, ಅದು ಹೊಳೆದರೆ ಆಯಿತು. ಹೊಲಿದು ಸಿದ್ಧಪಡಿಸಿದ ಕಸೆಯ ವಿಷಯವು ಹಾಗಲ್ಲ. ಹವ್ಯಾಸಿ ತಂಡಗಳಲ್ಲಿಯೂ ಮಕ್ಕಳ ಆಟಗಳಲ್ಲಿಯೂ ಸಮಯ ಉಳಿಯುವುದೆಂದು ಇಂತಹ ಉಡುಪನ್ನು ಬಳಸುವುದುಂಟು. ಕಟ್ಟಿದ ಕಸೆಯಲ್ಲಿ ಪ್ರತಿ ನೆರಿಗೆಯೂ ಬೇರೆಯಾಗಿ ಚಲಿಸುವುದು, ಕಾಲು ಮಡಿಸಿದಾಗ ಒಂದು ಬಿಚ್ಚಿ ಇನ್ನೊಂದು ಮುಚ್ಚುವುದು. ಹೊಲಿದುದರಲ್ಲಿ ನೆರಿಗೆಗಳೆಲ್ಲ ಒಂದೇ ಹಲಗೆಯಂತೆ ಒಮ್ಮೆಗೇ ತಿರುಗುವುವು. ಬಟ್ಟೆಯು ಹೀಗೆ ಗಟ್ಟಿಯಾದರೆ ತಪ್ಪಿಸುವ ವಿದ್ಯೆಯು ರಂಗದಿಂದ ಹೋಗಿ, ತಾಳುವ ಕವಚವೊಂದೇ ಉಳಿಯುವುದು. ಆ ಕವಚವಾದರೋ ಮರದ್ದು. ಕಸೆಯನ್ನು ಕಟ್ಟುವ ಕ್ರಮವನ್ನು ಗಂಟು ಗಂಟಾಗಿ, ಯಾವ ಕುಣಿತಕ್ಕೆ ಎಷ್ಟು ಸಡಿಲವೆಂಬ ಅಳತೆಯೊಡನೆ, ಚೌಕಿಯಲ್ಲಿ ಕುಳಿತು ಬರೆದಿಡುವ ಕಾರ್ಯವು ಆ ಕಟ್ಟುವ ಕೈಗಳು ಇರುವಾಗಲೇ ಆಗಬೇಕು. ಕೇದಗೆ ಮುಂದಲೆಯ ವೇಷದಿಂದ ಅದನ್ನು ಆರಂಭಿಸಬಹುದು. ಅದರಲ್ಲಿ ಮರ ಕಡಮೆ, ಬಟ್ಟೆಯ ಕೆಲಸ ಹೆಚ್ಚು.